ಗಂಡೋ ಹೆಣ್ಣೋ? ಗೌರಾಮಿಯ ಬೆನ್ನು ನೋಡಿ ಹೇಳಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ, ಕೂಡಿಟ್ಟಿದ್ದ ಈದಿ ಹಣದಿಂದ ನಾನು ಎರಡು ಗೌರಾಮಿ ಮೀನು ತಂದೆ. ಎರಡೂ ಕೆಂಪು, ಮೈಮೇಲೆ ನೀಲಿ ಪಟ್ಟೆ. ಒಂದು ಸ್ವಲ್ಪ ದೊಡ್ಡದು, ಇನ್ನೊಂದು ಸಣ್ಣದು. "ಜೋಡಿ ಐತಿ ತಮ್ಮಾ, ಮರಿ ಮಾಡ್ತಾವು ನೋಡು" ಎಂದರು ಅಂಗಡಿಯವರು. ದೊಡ್ಡದು ಗಂಡು, ಸಣ್ಣದು ಹೆಣ್ಣು ಎಂದು ನಾನೂ ನಂಬಿದೆ. ಮನೆಯಲ್ಲಿದ್ದದ್ದು ಒಂದು ಅಡಿಯ ಪುಟ್ಟ ಗಾಜಿನ ತೊಟ್ಟಿ. ಅದರಲ್ಲೇ ಬಿಟ್ಟೆ.

ಮೂರನೆಯ ದಿನದಿಂದ ದೊಡ್ಡದು ಸಣ್ಣದನ್ನು ಅಟ್ಟಿಸಿಕೊಂಡು ಹೋಗತೊಡಗಿತು. "ಆಟ ಆಡ್ತಾ ಇವೆ" ಎಂದಳು ತಂಗಿ. ಐದನೆಯ ದಿನ ಸಣ್ಣದರ ಬಾಲ ಹರಿದಿತ್ತು, ಊಟಕ್ಕೂ ಮೇಲೆ ಬರುತ್ತಿರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ನೋಡಿದರೆ ಸತ್ತು ತೇಲುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ ಅದರ ಬೆನ್ನಿನ ರೆಕ್ಕೆ ಚೂಪಾಗಿತ್ತು. ಆ ಗುರುತಿನ ಅರ್ಥ ಗೊತ್ತಾದದ್ದು ಒಂದು ತಿಂಗಳ ನಂತರ. ಅದು ಹೆಣ್ಣಾಗಿರಲಿಲ್ಲ, ಎರಡೂ ಗಂಡುಗಳೇ ಆಗಿದ್ದವು. ನಮ್ಮ ಕಾಲೇಜಿನಲ್ಲಿ ಅಕ್ವೇರಿಯಂ ಇಟ್ಟುಕೊಂಡವರು ಹಲವರಿದ್ದಾರೆ. ನನ್ನ ತಪ್ಪು ಅವರಿಂದ ಆಗಬಾರದೆಂದು ಈ ಲೇಖನ.

ಗೌರಾಮಿ ಎಂದರೆ ಯಾವ ಮೀನು?

ಗೌರಾಮಿಗಳು ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಮೀನುಗಳು. ನಿಧಾನವಾಗಿ ಹರಿಯುವ ಹಳ್ಳ, ಕೆರೆ, ಜೌಗು, ಭತ್ತದ ಗದ್ದೆಗಳಂಥ ನೀರಿನಲ್ಲಿ ಇರುತ್ತವೆ. ಅಂಥ ನೀರಿನಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ಇವುಗಳಿಗೆ ಕಿವಿರಿನ ಜೊತೆಗೆ ತಲೆಯೊಳಗೆ ಲ್ಯಾಬಿರಿಂತ್ ಎಂಬ ಇನ್ನೊಂದು ಉಸಿರಾಟದ ಅಂಗವಿದೆ. ಮೀನು ಮೇಲಕ್ಕೆ ಬಂದು ಬಾಯಿಂದ ಗಾಳಿ ಗುಟುಕರಿಸುತ್ತದೆ. ಆ ಗಾಳಿಯ ಆಮ್ಲಜನಕವನ್ನು ಈ ಅಂಗ ಹೀರಿಕೊಳ್ಳುತ್ತದೆ. ನಮಗೆ ಪರಿಚಯವಿರುವ ಫೈಟರ್ ಮೀನು ಕೂಡ ಇದೇ ಬಳಗದ್ದು.

ನಾನು ತಂದದ್ದು ಡ್ವಾರ್ಫ್ ಗೌರಾಮಿ. ಇದು ವಿದೇಶದ ಮೀನೆಂದೇ ತಿಳಿದಿದ್ದೆ. ಆದರೆ ಇದು ಗಂಗಾ, ಬ್ರಹ್ಮಪುತ್ರಾ ಬಯಲಿನ ನಮ್ಮದೇ ದೇಶದ ಮೀನು. 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ ಇದನ್ನು ಮೊದಲು ವಿವರಿಸಿದವರು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪು ಸುಲ್ತಾನರ ನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ ಬುಕಾನನ್ ಇವರೇ. ಇತಿಹಾಸದ ಪಾಠದಲ್ಲಿ ಬರುವ ಹೆಸರು ನನ್ನ ಮೀನಿನ ತೊಟ್ಟಿಯಲ್ಲೂ ಸಿಕ್ಕಿದ್ದು ಖುಷಿಯಾಯಿತು. ಈ ಮೀನಿನ ವೈಜ್ಞಾನಿಕ ಹೆಸರು ಟ್ರೈಕೋಗ್ಯಾಸ್ಟರ್ ಲಾಲಿಯಸ್. ಅದನ್ನು ಕೇಳಿದಾಗ ನನಗೆ ಮನೆಮಾತಿನ 'ಲಾಲ್' ನೆನಪಾಗುತ್ತದೆ. ಬಣ್ಣಕ್ಕೂ ಸರಿಹೊಂದುತ್ತದೆ!

ಗಂಡು ಹೆಣ್ಣು ಗುರುತಿಸುವುದು ಹೇಗೆ?

ಹೆಚ್ಚಿನ ಗೌರಾಮಿಗಳಿಗೆ ಒಂದೇ ಮುಖ್ಯ ಸೂತ್ರ: ಬೆನ್ನಿನ ಈಜುರೆಕ್ಕೆ ನೋಡಿ. ಗಂಡಿನದು ಉದ್ದವಾಗಿ ಹಿಂದಕ್ಕೆ ಚಾಚಿ ತುದಿ ಚೂಪಾಗಿರುತ್ತದೆ. ಹೆಣ್ಣಿನದು ಗಿಡ್ಡ, ತುದಿ ದುಂಡಗೆ. ಇದರ ಜೊತೆಗೆ ಜಾತಿವಾರು ಗುರುತುಗಳಿವೆ.

1. ಡ್ವಾರ್ಫ್ ಗೌರಾಮಿ: ಗಂಡು ಕೆಂಪು-ಕಿತ್ತಳೆ ಬಣ್ಣದ ಮೇಲೆ ಹೊಳೆಯುವ ನೀಲಿ ಪಟ್ಟೆ. ಹೆಣ್ಣು ಬೆಳ್ಳಿಯಂಥ ಮಂಕು ಬೂದು, ಪಟ್ಟೆ ಬಹಳ ತಿಳಿ. ಇಲ್ಲಿ ಬಣ್ಣವೇ ಸಾಕು.

2. ಹನಿ ಗೌರಾಮಿ: ಮೊಟ್ಟೆಯಿಡುವ ಕಾಲಕ್ಕೆ ಗಂಡಿನ ಮೈ ಜೇನಿನ ಬಣ್ಣಕ್ಕೆ ತಿರುಗಿ ಗಂಟಲು, ಹೊಟ್ಟೆ ಕಡುನೀಲಿ-ಕಪ್ಪಾಗುತ್ತದೆ. ಹೆಣ್ಣಿನ ಮೈಮೇಲೆ ಉದ್ದಕ್ಕೆ ಒಂದು ಕಂದು ಪಟ್ಟೆ. ಉಳಿದ ಸಮಯದಲ್ಲಿ ಎರಡೂ ಒಂದೇ ಥರ ಕಾಣಬಹುದು.

3. ಪರ್ಲ್ ಗೌರಾಮಿ: ಮೈತುಂಬ ಮುತ್ತಿನಂಥ ಚುಕ್ಕೆ. ದೊಡ್ಡ ಗಂಡಿನ ಗಂಟಲು ಮತ್ತು ಎದೆ ಕೆಂಪು-ಕಿತ್ತಳೆ. ಹೆಣ್ಣಿಗೆ ಆ ಕೆಂಪಿಲ್ಲ.

4. ಮೂರು ಚುಕ್ಕೆ ಗೌರಾಮಿ: ಅಂಗಡಿಯಲ್ಲಿ ಬ್ಲೂ, ಗೋಲ್ಡ್, ಓಪಲೈನ್ ಎಂದು ಮಾರುವುದೆಲ್ಲ ಇದೇ ಜಾತಿ. ಮೈಮೇಲೆ ಇರುವುದು ಎರಡೇ ಚುಕ್ಕೆ. ಮೂರನೆಯದು ಕಣ್ಣು! ಬಣ್ಣದಿಂದ ಗಂಡು ಹೆಣ್ಣು ತಿಳಿಯುವುದಿಲ್ಲ, ರೆಕ್ಕೆಯೊಂದೇ ದಾರಿ.

5. ಕಿಸ್ಸಿಂಗ್ ಗೌರಾಮಿ: ಹೊರನೋಟದಿಂದ ಹೇಳುವುದು ಕಷ್ಟ. ಯಾರಾದರೂ ಖಚಿತವಾಗಿ 'ಜೋಡಿ' ಎಂದರೆ ನಂಬಬೇಡಿ.

ಕೆಲವು ಎಚ್ಚರಿಕೆಗಳು. ಗಾತ್ರ ನೋಡಿ ನಿರ್ಧರಿಸಬೇಡಿ, ನಾನು ಮೋಸ ಹೋದದ್ದು ಅಲ್ಲೇ. ಮರಿ ಮೀನುಗಳಲ್ಲಿ ಯಾವ ಗುರುತೂ ಇನ್ನೂ ಮೂಡಿರುವುದಿಲ್ಲ. ರೆಕ್ಕೆ ಹರಿದಿದ್ದರೆ ಚೂಪೋ ದುಂಡೋ ಗೊತ್ತಾಗುವುದಿಲ್ಲ. ಹೊಟ್ಟೆ ಉಬ್ಬಿದ್ದರೆ ಹೆಣ್ಣು ಎನ್ನುತ್ತಾರೆ, ಹೆಚ್ಚು ತಿಂದ ಗಂಡಿನ ಹೊಟ್ಟೆಯೂ ಉಬ್ಬುತ್ತದೆ. ಅಂಗಡಿಯಲ್ಲಿ ಅವಸರ ಮಾಡದೆ ಹತ್ತು ನಿಮಿಷ ನಿಂತು ನೋಡಿ. ಮೀನು ರೆಕ್ಕೆ ಬಿಚ್ಚಿದಾಗ ಪಕ್ಕದಿಂದ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಸಂಶಯ ಉಳಿಯುವುದಿಲ್ಲ.

ಡ್ವಾರ್ಫ್ ಗೌರಾಮಿಯಲ್ಲಿ ಇನ್ನೊಂದು ವಿಷಯವಿದೆ. ಗಿರಾಕಿಗೆ ಬೇಕಾದದ್ದು ಬಣ್ಣ. ಬಣ್ಣವಿರುವುದು ಗಂಡಿಗೆ. ಹಾಗಾಗಿ ಅಂಗಡಿಗೆ ಬರುವುದೂ ಹೆಚ್ಚಾಗಿ ಗಂಡುಗಳೇ. ನಾವು ವಾಣಿಜ್ಯದವರು ಓದುವ ಬೇಡಿಕೆ-ಪೂರೈಕೆ ಇದೇ. ಎರಡು ಕೆಂಪು ಮೀನು ಆರಿಸಿ ಜೋಡಿ ಕೊಡಿ ಎಂದರೆ ಸಿಗುವುದು ಎರಡು ಗಂಡು.

ಗಂಡುಗಳು ಜಗಳವಾಡುವುದೇಕೆ?

ಗಂಡು ಗೌರಾಮಿ ನೀರಿನ ಮೇಲೆ ಗಾಳಿಗುಳ್ಳೆಗಳ ಗೂಡು ಕಟ್ಟುತ್ತದೆ. ಡ್ವಾರ್ಫ್ ಗೌರಾಮಿ ಅದರಲ್ಲಿ ಗಿಡದ ಚೂರುಗಳನ್ನೂ ಸೇರಿಸಿ ಹೆಣೆಯುತ್ತದೆ. ಹೆಣ್ಣು ಗೂಡಿನ ಕೆಳಗೆ ಮೊಟ್ಟೆಯಿಡುತ್ತದೆ. ನಂತರ ಕಾವಲು ಪೂರ್ತಿ ಗಂಡಿನದು. ಕೆಳಗೆ ಬಿದ್ದ ಮೊಟ್ಟೆಯನ್ನು ಬಾಯಲ್ಲಿ ಎತ್ತಿ ಮತ್ತೆ ಗೂಡಿಗೆ ಇಡುತ್ತದೆ. ಈ ಗೂಡಿಗಾಗಿ ಅದಕ್ಕೆ ತನ್ನದೇ ಜಾಗ ಬೇಕು, ಅಲ್ಲಿ ಇನ್ನೊಂದು ಗಂಡನ್ನು ಸಹಿಸುವುದಿಲ್ಲ. ಸೋತ ಮೀನು ಹೊಳೆಯಲ್ಲಾದರೆ ದೂರ ಓಡಿಹೋಗುತ್ತದೆ. ಒಂದು ಅಡಿಯ ತೊಟ್ಟಿಯಲ್ಲಿ ಓಡುವುದೆಲ್ಲಿಗೆ? ತಪ್ಪು ಆ ದೊಡ್ಡ ಮೀನಿನದಲ್ಲ, ನನ್ನದು.

ಮೊಟ್ಟೆಯಿಟ್ಟ ಮೇಲೆ ಗಂಡು ಹೆಣ್ಣನ್ನೂ ಓಡಿಸುತ್ತದೆ. ಆಗ ಹೆಣ್ಣನ್ನು ಬೇರೆ ಮಾಡಬೇಕು. ಸುಮಾರು 24ರಿಂದ 36 ಗಂಟೆಗಳಲ್ಲಿ ಮೊಟ್ಟೆ ಒಡೆಯುತ್ತವೆ. ಇನ್ನು ಮೂರು ದಿನಕ್ಕೆ ಮರಿಗಳು ಈಜುತ್ತವೆ. ಆಗ ಗಂಡನ್ನೂ ತೆಗೆಯಬೇಕು, ಇಲ್ಲದಿದ್ದರೆ ಮರಿಗಳನ್ನು ತಿಂದುಬಿಡಬಹುದು.

ನಮ್ಮ ಊರಿನಲ್ಲಿ ಸಾಕುವುದು ಹೇಗೆ?

ತೊಟ್ಟಿ: ಡ್ವಾರ್ಫ್ ಗೌರಾಮಿಗೆ ಎರಡು ಅಡಿ ಉದ್ದದ್ದು ಒಳ್ಳೆಯದು. 60×30×30 ಸೆಂ.ಮೀ. ಎಂದರೆ 54 ಲೀಟರ್. ನೀರೇ 54 ಕೆ.ಜಿ. ತೂಗುತ್ತದೆ, ಗಟ್ಟಿ ಮೇಜು ನೋಡಿಕೊಳ್ಳಿ. ಇದರಲ್ಲಿ ಒಂದು ಗಂಡು, ಎರಡು ಹೆಣ್ಣು ಇಡಬಹುದು. ಅಡಗಿಕೊಳ್ಳಲು ಗಿಡಗಳು ಬೇಕೇಬೇಕು. ಮೂರು ಚುಕ್ಕೆ ಗೌರಾಮಿ 15 ಸೆಂ.ಮೀ.ವರೆಗೆ ಬೆಳೆಯುತ್ತದೆ, ಅದಕ್ಕೆ ಇನ್ನೂ ದೊಡ್ಡ ತೊಟ್ಟಿ ಬೇಕು. ಜೈಂಟ್ ಗೌರಾಮಿಯ ಮರಿ ಮುದ್ದಾಗಿ ಕಾಣುತ್ತದೆ, ಬೆಳೆದರೆ ಎರಡು ಅಡಿ. ಮನೆಗೆ ತರಬೇಡಿ.

ಗಾಳಿ: ನೀರನ್ನು ಅಂಚಿನವರೆಗೆ ತುಂಬಬೇಡಿ. ಮುಚ್ಚಳಕ್ಕೂ ನೀರಿಗೂ ನಡುವೆ ಎರಡು ಇಂಚು ಜಾಗ ಬಿಡಿ. ಕರೆಂಟ್ ಹೋದಾಗ ಏರ್ ಪಂಪ್ ನಿಂತರೂ ಗೌರಾಮಿ ತಾಳಿಕೊಳ್ಳುತ್ತದೆ, ಆದರೆ ಮೇಲಿನ ಗಾಳಿ ಸಿಗದಿದ್ದರೆ ಉಸಿರುಗಟ್ಟಿ ಸಾಯುತ್ತದೆ. ಫಿಲ್ಟರಿನ ನೀರು ಜೋರಾಗಿ ಬೀಳದಂತೆ ನೋಡಿಕೊಳ್ಳಿ.

ನೀರು: ನಲ್ಲಿಯ ನೀರಿನ ಕ್ಲೋರಿನ್ ಹೋಗಲು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರು ಬಹಳ ಗಡಸು. ಅದರೊಂದಿಗೆ ಕುಡಿಯುವ ನೀರಿನ ಘಟಕದ ಆರ್‌ಒ ನೀರನ್ನು ಅರ್ಧರ್ಧ ಬೆರೆಸಬಹುದು. ಬರೀ ಆರ್‌ಒ ನೀರು ಬೇಡ. ವಾರಕ್ಕೊಮ್ಮೆ ಕಾಲು ಭಾಗ ಮಾತ್ರ ಬದಲಿಸಿ. ಹೊಸ ತೊಟ್ಟಿಗೆ ಒಂದೇ ದಿನ ಎಲ್ಲ ಮೀನು ಬಿಡಬೇಡಿ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ಕೆಲವು ವಾರ ಬೇಕು.

ಬಿಸಿಲು: ಇವುಗಳಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮ ಮೇ ತಿಂಗಳು ಎಲ್ಲರಿಗೂ ಗೊತ್ತು. ತೊಟ್ಟಿಯನ್ನು ಕಿಟಕಿಯಿಂದ ದೂರ, ಮನೆಯ ತಂಪು ಮೂಲೆಯಲ್ಲಿ ಇಡಿ. ಒಮ್ಮೆಲೇ ಐಸ್ ಹಾಕಬೇಡಿ.

ಊಟ: ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ರಂಜಾನಿನಲ್ಲಿ ನಮ್ಮ ಊಟದ ಹೊತ್ತು ಬದಲಾದರೂ ಮೀನಿನ ಹೊತ್ತು ಬದಲಿಸಬೇಡಿ.

ಕೊನೆಯದಾಗಿ, ಬೇಡವಾದ ಮೀನನ್ನು ಎಡದಂಡೆ ಕಾಲುವೆಗೋ ಡ್ಯಾಮಿಗೋ ಬಿಡಬೇಡಿ. ಹೊರಗಿನ ಮೀನು ಮತ್ತು ಅದರ ರೋಗಗಳು ಅಲ್ಲಿನ ಮೀನುಗಳಿಗೆ ತೊಂದರೆ ಮಾಡಬಹುದು. ಡ್ವಾರ್ಫ್ ಗೌರಾಮಿಗೆ ತಗಲುವ ಒಂದು ವೈರಸ್ ರೋಗಕ್ಕಂತೂ ಔಷಧಿಯೇ ಇಲ್ಲ.

ಆ ಮೀನು ಸತ್ತ ದಿನ ದಾದಿ ನನ್ನನ್ನು ಬೈಯಲಿಲ್ಲ. ಬೆಕ್ಕನ್ನು ಕೂಡಿಹಾಕಿ, ಊಟವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿನ ಹದೀಸನ್ನು ನೆನಪಿಸಿದರು. "ಬೇಜುಬಾನ್ ಜೀವ, ಕೇಳೋಕೆ ಬರಲ್ಲ. ನೀನೇ ತಿಳ್ಕೋಬೇಕು" ಎಂದರು. ನಾನು ಊಟ ಹಾಕಿದ್ದೆ, ತಿಳಿದುಕೊಂಡಿರಲಿಲ್ಲ. ಗಾಜಿನೊಳಗೆ ಕೂಡಿಹಾಕಿದ ಮೇಲೆ ಅದೂ ನಮ್ಮದೇ ಹೊಣೆ.

ಈಗ ಮನೆಯಲ್ಲಿ ಎರಡು ಅಡಿಯ ತೊಟ್ಟಿಯಿದೆ. ಅದೇ ಹಳೆಯ ಗಂಡಿನ ಜೊತೆ ಎರಡು ಬೂದು ಬಣ್ಣದ ಹೆಣ್ಣುಗಳಿವೆ. ನಾನು "ಬಣ್ಣ ಇಲ್ಲದ್ದು ಕೊಡ್ರಿ" ಎಂದಾಗ ಅಂಗಡಿಯವರು ನಕ್ಕರು. ಕಾರಣ ಹೇಳಿದ ಮೇಲೆ ಅವರೂ ಬಗ್ಗಿ ಬೆನ್ನು ನೋಡಿದರು. ನಿಮ್ಮ ಮೀನಿನ ಬಗ್ಗೆಯೂ ಸಂಶಯವಿದ್ದರೆ ಪಕ್ಕದಿಂದ ತೆಗೆದ ಒಂದು ಫೋಟೊ ತನ್ನಿ, ಊಟದ ಬಿಡುವಿನಲ್ಲಿ ಕೂತು ನೋಡೋಣ.