ಪರೀಕ್ಷಿಸದೆ ಒತ್ತಿದ ಮುದ್ರೆ

ಇಂಟರ್ನೆಟ್‌ನಲ್ಲಿ ಓಡಾಡುವ ಪ್ರತಿ ಟಿಸಿಪಿ ಪ್ಯಾಕೆಟ್ಟೂ 16 ಬಿಟ್‌ಗಳ ಒಂದು ಸಂಖ್ಯೆಯನ್ನು ಹೊತ್ತಿರುತ್ತದೆ. ಅದೇ ಚೆಕ್‌ಸಮ್. ಲೆಕ್ಕ ಸರಳ. ಮಾಹಿತಿಯನ್ನು 16 ಬಿಟ್‌ಗಳ ತುಂಡುಗಳಾಗಿಸಿ ಕೂಡಬೇಕು. ಎಡತುದಿಯಿಂದ ಹೊರಬಿದ್ದ ಹೆಚ್ಚುವರಿ ಬಿಟ್ಟನ್ನು ಬಲತುದಿಗೆ ತಂದು ಸೇರಿಸಬೇಕು. ಕೊನೆಗೆ ಸೊನ್ನೆಗಳನ್ನು ಒಂದಾಗಿಯೂ ಒಂದುಗಳನ್ನು ಸೊನ್ನೆಯಾಗಿಯೂ ತಿರುಗಿಸಬೇಕು. ಪ್ಯಾಕೆಟ್ ತಲುಪಿದ ಕಡೆ ಈ ಸಂಖ್ಯೆಯನ್ನೂ ಸೇರಿಸಿ ಕೂಡಿದರೆ 16 ಬಿಟ್‌ಗಳೂ 1 ಆಗಬೇಕು. ಆಗದಿದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆ. ಅಂಥ ಪ್ಯಾಕೆಟ್ಟನ್ನು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಸದ್ದಿಲ್ಲದೆ ಎಸೆಯುತ್ತದೆ. ತಲುಪಿತೆಂಬ ಉತ್ತರ ಬಾರದ ಕಾರಣ ಕಳುಹಿಸಿದ ಯಂತ್ರ ಅದನ್ನೇ ಮತ್ತೆ ಕಳುಹಿಸುತ್ತದೆ.

ಈಥರ್ನೆಟ್‌ಗೆ 32 ಬಿಟ್‌ಗಳ ತನ್ನದೇ ಗಟ್ಟಿ ತಪಾಸಣೆ ಇರುವಾಗ ಈ ಕೂಡುಲೆಕ್ಕ ಯಾಕೆ ಬೇಕು? ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಅವರು ನೋಡಿದ ಜಾಲಗಳಲ್ಲಿ 1,100ಕ್ಕೆ ಒಂದರಿಂದ 32,000ಕ್ಕೆ ಒಂದರಷ್ಟು ಪ್ಯಾಕೆಟ್‌ಗಳು ಟಿಸಿಪಿ ಚೆಕ್‌ಸಮ್‌ನಲ್ಲಿ ಸೋಲುತ್ತಿದ್ದವು. ಈಥರ್ನೆಟ್ ಕಾಯುವುದು ತಂತಿಯನ್ನು ಮಾತ್ರ. ರೂಟರ್‌ನ ಮೆಮೊರಿಯಲ್ಲಿ ಒಂದು ಬಿಟ್ ಕೆಟ್ಟರೆ, ರೂಟರ್ ಆ ಕೆಟ್ಟ ಮಾಹಿತಿಗೇ ಹೊಸದಾಗಿ ಈಥರ್ನೆಟ್ ಲೆಕ್ಕ ಬರೆದು ಮುಂದಕ್ಕೆ ಕಳುಹಿಸುತ್ತದೆ.

ಅಂಥದ್ದನ್ನು ಹಿಡಿಯಲು ಉಳಿಯುವುದು ಟಿಸಿಪಿ ಚೆಕ್‌ಸಮ್ ಮಾತ್ರ. ಈ ಕೊನೆಯ ಕಾವಲನ್ನೇ ಲಿನಕ್ಸ್ ಕರ್ನಲ್ ಕೆಲವು ವರ್ಷ ತಾನೇ ಕೆಡವಿಕೊಂಡಿತ್ತು. ಟ್ವಿಟರ್‌ನಲ್ಲಿ ಕೆಟ್ಟ ಮಾಹಿತಿ ನೇರವಾಗಿ ಅಪ್ಲಿಕೇಶನ್‌ಗಳ ಒಳಗೇ ಕಾಣಿಸಿಕೊಂಡಾಗ ಎಂಜಿನಿಯರ್‌ಗಳು ಹುಡುಕಾಟಕ್ಕೆ ಇಳಿದರು. ಜಾಲದ ಒಂದು ಸಾಧನ ಬಿಟ್‌ಗಳನ್ನು ಕೆಡಿಸುತ್ತಿತ್ತು, ನಿಜ. ಆದರೆ ಚೆಕ್‌ಸಮ್ ಅದನ್ನು ತಡೆಯಬೇಕಿತ್ತಲ್ಲ! ತಡೆಯದಿರಲು ಕಾರಣ, ಒಂದೇ ಯಂತ್ರದಲ್ಲಿ ಅಪ್ಲಿಕೇಶನ್‌ಗಳನ್ನು ಬೇರೆಬೇರೆಯಾಗಿ ಇರಿಸುವ ಕಂಟೇನರ್‌ಗಳನ್ನು ಹೊರಜಗತ್ತಿಗೆ ಜೋಡಿಸುವ ವೆತ್ ಎಂಬ ಕಾಲ್ಪನಿಕ ನೆಟ್‌ವರ್ಕ್ ಕಾರ್ಡಿನ ಡ್ರೈವರ್‌ನಲ್ಲಿತ್ತು.

ಕರ್ನಲ್ ಪ್ರತಿ ಪ್ಯಾಕೆಟ್ಟಿಗೂ ಒಂದು ಗುರುತು ಹಚ್ಚುತ್ತದೆ. ‘ಚೆಕ್‌ಸಮ್ ಅನ್‌ನೆಸೆಸರಿ’ ಎಂದರೆ ಇನ್ನು ಪರೀಕ್ಷೆ ಬೇಕಿಲ್ಲ. ‘ಚೆಕ್‌ಸಮ್ ನನ್’ ಎಂದರೆ ಕಾರ್ಡು ಭರವಸೆ ಕೊಟ್ಟಿಲ್ಲ, ಕರ್ನಲ್ ತಾನೇ ಕೂಡಿ ನೋಡಬೇಕು. ವೆತ್ ಡ್ರೈವರ್ ತನ್ನ ಬಳಿ ಬಂದ ಎರಡನೆಯ ಗುರುತನ್ನು ಅಳಿಸಿ ಮೊದಲನೆಯದನ್ನು ಬರೆಯುತ್ತಿತ್ತು. ಅದೇ ಯಂತ್ರದಲ್ಲಿ ಹುಟ್ಟಿ ಅಲ್ಲೇ ಉಳಿಯುವ ಪ್ಯಾಕೆಟ್ಟಿಗೆ ಇದರಿಂದ ತೊಂದರೆಯಿಲ್ಲ, ಸಮಯವೂ ಉಳಿಯುತ್ತದೆ. ಹೊರಗಿನ ತಂತಿಯಿಂದ ಬಂದು ರೂಟಿಂಗ್ ಮೂಲಕ ಕಂಟೇನರ್‌ಗೆ ಹೋಗುವ ಪ್ಯಾಕೆಟ್ಟಿನ ಕತೆ ಬೇರೆ. ಅಸಲಿ ಕಾರ್ಡು ಒಳ್ಳೆಯದಕ್ಕೆ ಆಗಲೇ ಒಪ್ಪಿಗೆ ಕೊಟ್ಟಿರುತ್ತದೆ. ಸಂಶಯ ಬಂದದ್ದನ್ನು ಒಪ್ಪಿಗೆಯಿಲ್ಲದೆ ಮೇಲಕ್ಕೆ ಕಳುಹಿಸುತ್ತದೆ. ಅಂದರೆ ವೆತ್ ಮಾಫಿ ಕೊಡುತ್ತಿದ್ದದ್ದು ಹುಡುಕಿ ಹಿಡಿಯಬೇಕಾದವಕ್ಕೇ. ಇದಕ್ಕಿಂತ ಅಪಾಯದ ಸಂಗತಿಯೆಂದರೆ, ಕೆಟ್ಟ ಪ್ಯಾಕೆಟ್ಟಿಗೂ ತಲುಪಿತೆಂಬ ಉತ್ತರ ಹೋಗುತ್ತಿತ್ತು. ಹಾಗಾಗಿ ಅದನ್ನು ಮತ್ತೆ ಕಳುಹಿಸುವ ಮಾತೇ ಇರಲಿಲ್ಲ.

2015ರ ಕೊನೆಗೆ ಬಂದ ತಿದ್ದುಪಡಿ ಹೊಸದಾಗಿ ಏನನ್ನೂ ಬರೆಯಲಿಲ್ಲ, ಗುರುತು ಬದಲಿಸುತ್ತಿದ್ದ ಕೆಲವೇ ಸಾಲುಗಳನ್ನು ಅಳಿಸಿತು. ನನಗೆ ಅದು ಬಹಳ ಮೆಚ್ಚುಗೆಯ ಕೆಲಸ. ಚೆಕ್‌ಸಮ್ ದೋಷದ ಸಂದೇಶ ಕಂಡಾಗ ಪರೀಕ್ಷೆಯನ್ನೇ ನಿಲ್ಲಿಸಿಬಿಡುವ ಆಸೆ ಹುಟ್ಟುತ್ತದೆ, ನಿಲ್ಲಿಸಿದರೆ ಸಂದೇಶವೂ ಮಾಯವಾಗುತ್ತದೆ. ಕೆಲವೊಮ್ಮೆ ಆ ಸಂದೇಶ ಸುಳ್ಳೂ ಇರಬಹುದು: ಹೊರಹೋಗುವ ಪ್ಯಾಕೆಟ್ಟಿನ ಲೆಕ್ಕವನ್ನು ಕಾರ್ಡು ಕೊನೆಗಳಿಗೆಯಲ್ಲಿ ತುಂಬುವುದರಿಂದ, ಅದಕ್ಕೂ ಮೊದಲು ಪ್ಯಾಕೆಟ್ಟನ್ನು ನೋಡುವ ಟಿಸಿಪಿಡಂಪ್ ಎಂಬ ಸಾಧನ ತಪ್ಪು ಎಂದೇ ತೋರಿಸುತ್ತದೆ. ಆದ್ದರಿಂದ ಮೊದಲು ಆ ಪ್ಯಾಕೆಟ್ ಹೊರಟದ್ದೋ ಬಂದದ್ದೋ ನೋಡಬೇಕು. ಬಂದದ್ದಾದರೆ, ಅದರ ಗುರುತನ್ನು ದಾರಿಯಲ್ಲಿ ಯಾರು ಬದಲಿಸಿದರೆಂದು ಕೋಡಿನಲ್ಲಿ ಹೆಜ್ಜೆಹೆಜ್ಜೆಯಾಗಿ ಹುಡುಕಬೇಕು.