ಕೊಟ್ಟಿಗೆ ಮಣ್ಣಿನಿಂದ ಕೋವಿ ಮದ್ದು

ಕೋವಿ ಮದ್ದಿಗೆ ಬೇಕಾದದ್ದು ಮೂರೇ ವಸ್ತು: ಪೆಟ್ಲುಪ್ಪು, ಇದ್ದಿಲು, ಗಂಧಕ. ಬ್ರಿಟಿಷರ ಮದ್ದಿನಲ್ಲಿ ಇವುಗಳ ಪ್ರಮಾಣ ನೂರಕ್ಕೆ 75, 15 ಮತ್ತು 10. ಇದ್ದಿಲನ್ನು ಎಲ್ಲಿ ಬೇಕಾದರೂ ಸುಟ್ಟುಕೊಳ್ಳಬಹುದು. ಗಂಧಕ ಇಟಲಿಯ ಸಿಸಿಲಿಯಿಂದ ಇಂಗ್ಲೆಂಡಿಗೆ ಬರುತ್ತಿತ್ತು. ಮುಕ್ಕಾಲು ಪಾಲಿನ ಪೆಟ್ಲುಪ್ಪಿನದೇ ದೊಡ್ಡ ಚಿಂತೆ. ಆ ಚಿಂತೆಯನ್ನು ನೀಗಿಸಿದ್ದು ಬಿಹಾರದ ಹಳ್ಳಿಗಳ ಕೊಟ್ಟಿಗೆ ಮಣ್ಣು.

ಗಂಜಲ, ಸಗಣಿ, ಒಲೆಯ ಬೂದಿ ಬಿದ್ದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸಾರಜನಕವನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮಳೆಗಾಲ ಕಳೆದು ನೆಲ ಒಣಗತೊಡಗಿದಾಗ ಅದು ತೇವದೊಡನೆ ಮೇಲೇರಿ, ಗೋಡೆಯ ಬುಡದಲ್ಲಿ ಬೆಳ್ಳಗೆ ಪುಡಿಗಟ್ಟುತ್ತದೆ. ಅದನ್ನು ಕೆರೆದು ಒಟ್ಟುಮಾಡುವುದು ನೋನಿಯಾ ಜಾತಿಯವರ ಕಸುಬು. 'ನೋನ್' ಎಂದರೆ ಉಪ್ಪು. ಜಾತಿಯ ಹೆಸರು ಬಂದದ್ದೇ ಅದರಿಂದ.

ಮಣ್ಣಿನ ತೊಟ್ಟಿಯಲ್ಲಿ ಬಿದಿರು, ಹುಲ್ಲು ಹಾಸಿ, ಅದರ ಮೇಲೆ ಬೂದಿ ಹರಡಿ, ಕೆರೆದು ತಂದ ಮಣ್ಣನ್ನು ತುಂಬಿ ನೀರು ಹೊಯ್ಯುತ್ತಿದ್ದರು. ತಳದಿಂದ ತೊಟ್ಟಿಕ್ಕಿದ ನೀರನ್ನು ಕುದಿಸಿ ಆರಲು ಬಿಡುತ್ತಿದ್ದರು. ಗುಟ್ಟು ಇರುವುದು ಇಲ್ಲೇ. ಅಡುಗೆ ಉಪ್ಪು ಬಿಸಿನೀರಿನಲ್ಲೂ ತಣ್ಣೀರಿನಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕರಗುತ್ತದೆ. ಪೆಟ್ಲುಪ್ಪು ಬಿಸಿಯಲ್ಲಿ ಬಹಳ ಕರಗಿ, ತಣಿದಾಗ ಹರಳಾಗಿ ನಿಲ್ಲುತ್ತದೆ. ಯಾವ ರಸಾಯನಶಾಸ್ತ್ರವನ್ನೂ ಓದದ ನೋನಿಯಾಗಳಿಗೆ ಇದು ಕೈಬಳಕೆಯಿಂದ ಬಂದ ವಿದ್ಯೆ.

ಇದರ ಬೆಲೆ ಕಂಪನಿಗೆ ಚೆನ್ನಾಗಿ ಗೊತ್ತಿತ್ತು. ವರ್ಷಕ್ಕೆ 500 ಟನ್ ಪೆಟ್ಲುಪ್ಪನ್ನು ಸರ್ಕಾರಕ್ಕೆ ಒದಗಿಸಬೇಕೆಂಬ ಷರತ್ತು 1693ರ ಸನ್ನದಿನಲ್ಲೇ ಇತ್ತು. ಪ್ಲಾಸಿ ಕದನದ ಮರುವರ್ಷ, 1758ರಲ್ಲಿ, ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯ ಮೀರ್ ಜಾಫರನಿಂದ ಕಂಪನಿಯ ಕೈ ಸೇರಿತು. ಡಚ್ಚರೂ ಫ್ರೆಂಚರೂ ಇಂಗ್ಲಿಷರ ಮರ್ಜಿ ಕಾಯಬೇಕಾಯಿತು. ಫ್ರಾನ್ಸಿನಲ್ಲಂತೂ ಕೊರತೆ ನೀಗಿಸಲು 1775ರಲ್ಲಿ ಮದ್ದಿನ ಇಲಾಖೆಯನ್ನೇ ಹೊಸದಾಗಿ ಕಟ್ಟಿ, ಹೆಸರಾಂತ ವಿಜ್ಞಾನಿ ಲವಾಸಿಯೆಯನ್ನು ಅದರ ಹೊಣೆಗಾರರಲ್ಲಿ ಒಬ್ಬನನ್ನಾಗಿ ನೇಮಿಸಲಾಯಿತು.

ಬಿಹಾರದ ಪೆಟ್ಲುಪ್ಪೆಲ್ಲ ಹಡಗು ಹತ್ತಲಿಲ್ಲ. ಕಲ್ಕತ್ತದ ಬಳಿ ಇಛಾಪುರದಲ್ಲಿ 1791ರಿಂದ ಕಂಪನಿಯದೇ ಮದ್ದಿನ ಕಾರ್ಖಾನೆ ನಡೆಯಿತು. ಇಲ್ಲಿ ಇದ್ದಿಲಿಗೆ ಬಳಸುತ್ತಿದ್ದುದು ನಮ್ಮ ರೈತರು ಒಲೆಗೆ ಹಾಕುವ ತೊಗರಿ ಕಟ್ಟಿಗೆ! ಮೂರನ್ನೂ ಬೇರೆಬೇರೆ ಪುಡಿ ಮಾಡಿ, ಕಿಡಿ ಹತ್ತದಂತೆ ನೀರು ಚಿಮುಕಿಸಿ ಅರೆದು, ಅದುಮಿ, ಕಾಳಾಗಿ ಒಡೆದು ಒಣಗಿಸುತ್ತಿದ್ದರು. ಕಾಳು ಕಾಳಾಗಿದ್ದರೆ ಮಾತ್ರ ನಡುವಿನ ಸಂದುಗಳಲ್ಲಿ ಬೆಂಕಿ ನುಗ್ಗಿ ಮದ್ದು ಒಮ್ಮೆಗೇ ಸಿಡಿಯುತ್ತದೆ. ಈ ಮದ್ದಿನ ಗುತ್ತಿಗೆ ಹಿಡಿದ ಜಾನ್ ಫರ್ಕ್ವರ್ ಅಪಾರ ಹಣ ಗಳಿಸಿ, 1822ರಲ್ಲಿ ಇಂಗ್ಲೆಂಡಿನ ಫಾಂಟ್‌ಹಿಲ್ ಅಬಿ ಎಂಬ ಭವ್ಯ ಸೌಧವನ್ನೇ ಕೊಂಡ.

ನೋನಿಯಾಗಳದು ಮುಂಗಡ ಹಣದ ಬದುಕು. ವ್ಯಾಪಾರಿಯಿಂದ ಮೊದಲೇ ದುಡ್ಡು ಪಡೆದು, ಆತ ಕಟ್ಟಿದ ಬೆಲೆಗೆ ಮಾಲು ಒಪ್ಪಿಸಬೇಕಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಚಿಲಿಯ ಕಡೆಯ ನೈಟ್ರೇಟ್ ಅಗ್ಗವಾಗಿ ಬಂದು ಬೇಡಿಕೆ ಕುಸಿಯಿತು. ಪೆಟ್ಲುಪ್ಪಿನ ಜತೆ ಹೊರಬರುವ ಅಡುಗೆ ಉಪ್ಪಿನ ಮೇಲೂ ಸರ್ಕಾರ ಕಣ್ಣಿಟ್ಟು, ಕಸುಬಿಗೆ ಲೈಸೆನ್ಸ್ ಹೇರಿತು. ಅನೇಕ ನೋನಿಯಾಗಳು ತೊಟ್ಟಿ ಬಿಟ್ಟು, ಗುದ್ದಲಿ ಹಿಡಿದು ಮಣ್ಣು ಅಗೆಯುವ ಕೂಲಿಗೆ ಹೋದರು.