ಎಂಜಿನ್ನಿನ ಉಸಿರು, ಗೇರಿನ ಲೆಕ್ಕ

ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು, ಪ್ರತಿ ಸುತ್ತಿನಲ್ಲಿ ಎಷ್ಟು ಶ್ರಮಿಸಬೇಕು ಎಂಬೆರಡನ್ನೂ ನಿರ್ಧರಿಸುವುದು ಗೇರು. ವಾಶಿಯಿಂದ ಬೇಲಾಪುರದ ಕಡೆಗೆ ಬಹುತೇಕ ಸಮತಟ್ಟಾಗಿ ಹಾಸಿಕೊಂಡಿರುವ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಿಂದ ಸಾಗುವ ಸಣ್ಣ ಪೆಟ್ರೋಲ್ ಕಾರಿಗೆ ಗಾಳಿಯ ತಡೆಯನ್ನೂ ಟೈರುಗಳ ಘರ್ಷಣೆಯನ್ನೂ ಮೀರಲು 10 ಅಶ್ವಶಕ್ತಿಯೂ ಬೇಕಾಗುವುದಿಲ್ಲ. ಚಕ್ರದ ಸುತ್ತಳತೆ 1.8 ಮೀಟರ್ ಎಂದಿಟ್ಟುಕೊಂಡರೆ ಅದು ನಿಮಿಷಕ್ಕೆ ಸುಮಾರು 555 ಬಾರಿ ಉರುಳುತ್ತದೆ. ಚಕ್ರದ ಒಂದು ಸುತ್ತಿಗೆ ಎಂಜಿನ್ನು ಮೂರನೆಯ ಗೇರಿನಲ್ಲಿ 5.2, ಐದನೆಯದರಲ್ಲಿ 3.2 ಸುತ್ತು ಹಾಕುವುದಾದರೆ, ಅದೇ ವೇಗಕ್ಕೆ ಮೂರನೆಯ ಗೇರು ಸುಮಾರು 2,900 ಸುತ್ತುಗಳನ್ನು ಬೇಡಿದರೆ ಐದನೆಯದಕ್ಕೆ 1,800 ಸಾಕು.

ಬೇಕಾದ ಶಕ್ತಿ ಒಂದೇ ಆದ್ದರಿಂದ, ಸುತ್ತು ಇಳಿದಷ್ಟೂ ಪ್ರತಿ ಸುತ್ತಿನ ಮೇಲಿನ ಭಾರ ಏರುತ್ತದೆ. ಭಾರ ಹೆಚ್ಚಿದರೆ ಇಂಧನವೂ ಹೆಚ್ಚು ಬೇಕೆಂಬ ಸಾಮಾನ್ಯ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಥ್ರಾಟಲ್ ಎಂಬ ತಿರುಗುವ ಬಿಲ್ಲೆಯಿದ್ದು, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದಾಗ ಅದು ಬಹುಪಾಲು ಮುಚ್ಚಿಕೊಂಡೇ ಇರುತ್ತದೆ. ಬಾಯಿಗೆ ಬೆರಳು ಅಡ್ಡಹಿಡಿದ ಪಿಚಕಾರಿಯ ಹಿಡಿಯನ್ನು ಎಳೆದು ನೋಡಿದವರಿಗೆ ಆಗ ಪಿಸ್ಟನ್ನು ಪಡುವ ಪಾಡು ತಿಳಿಯುತ್ತದೆ. ಉಸಿರೆಳೆಯುವುದಕ್ಕೇ ವ್ಯಯವಾಗುವ ಈ ಶಕ್ತಿಯನ್ನು ಪಂಪಿಂಗ್ ನಷ್ಟ ಎನ್ನುತ್ತಾರೆ. ಮೇಲಿನ ಗೇರಿನಲ್ಲಿ ಥ್ರಾಟಲ್ ಅಗಲವಾಗಿ ತೆರೆದುಕೊಳ್ಳುವುದರಿಂದ ಈ ನಷ್ಟವೂ, ಸುತ್ತು ಕಡಿಮೆಯಾಗುವುದರಿಂದ ಒಳಗಿನ ಘರ್ಷಣೆಯ ನಷ್ಟವೂ ತಗ್ಗುತ್ತವೆ. ಹೀಗೆ ಗಾಳಿಯನ್ನು ತಡೆದು ಶಕ್ತಿಯನ್ನು ನಿಯಂತ್ರಿಸದ ಡೀಸೆಲ್ ಎಂಜಿನ್ನಿನಲ್ಲಿ ಮೊದಲನೆಯ ಲಾಭ ಅಲ್ಪ.

ಆದರೆ ಇದಕ್ಕೊಂದು ಮಿತಿಯಿದೆ. ಥಾಣೆಯಿಂದ ಡೊಂಬಿವಲಿ, ಕಲ್ಯಾಣದ ಕಡೆಗೆ ಹೋಗುವ ವಾಹನಗಳು ಹಿಡಿಯುವ ಮುಂಬ್ರಾ ಬೈಪಾಸ್ ಪಾರ್ಸಿಕ್ ಬೆಟ್ಟದ ಮಗ್ಗುಲನ್ನು ಏರುತ್ತದೆ. ನೂರು ಮೀಟರಿಗೆ ಐದು ಮೀಟರ್ ಏರುವ ಯಾವುದೇ ದಾರಿಯಲ್ಲಿ ಒಂದು ಟನ್ ತೂಕದ ಕಾರನ್ನು ಹಿಂದಕ್ಕೆಳೆಯುವ ಬಲ 50 ಕಿಲೋ ಭಾರಕ್ಕೆ ಸಮ. ಅಲ್ಲಿ ಐದನೆಯ ಗೇರಿಗೇ ಅಂಟಿಕೊಂಡರೆ ಎಂಜಿನ್ನು ನಡುಗಿ, ಸಿಲಿಂಡರಿನೊಳಗಿನ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಟಕಟಕ ಸದ್ದು ಕೇಳಿಸಬಹುದು; ಗೇರು ಇಳಿಸುವುದೇ ಆಗ ಮಿತವ್ಯಯ.

ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿದರೆ ಪೆಟ್ರೋಲು ಉಳಿಯುತ್ತದೆಂಬ ನಂಬಿಕೆಯಂತೂ ಕಾರ್ಬ್ಯುರೇಟರಿನ ಕಾಲದ್ದು. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಸುತ್ತು ತೀರಾ ಇಳಿಯುವವರೆಗೆ ಇಂಧನದ ಪೂರೈಕೆ ಸಾಮಾನ್ಯವಾಗಿ ಪೂರ್ಣ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ನು ತನ್ನನ್ನು ತಾನು ತಿರುಗಿಸಿಕೊಳ್ಳಲು ಪೆಟ್ರೋಲು ಉರಿಸುತ್ತಲೇ ಇರುತ್ತದೆ, ಕಾರನ್ನು ತಡೆಯುವ ಹೊಣೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.